ಆಂಗ್‌ಸ್ಟ್ರಾಮ್ ಎಂಬ ಸವತಿ

೧೯ ಫೆಬ್ರವರಿ, ಭಾನುವಾರ

ಪ್ರೀತಿಯ ಹಳದಿಗೆ,

ಈ ಮನೆಯ ಯಜಮಾನತಿ ನಾನು. ನಿನ್ನ ಅಪ್ಪ ಇದ್ದಾಗಲೂ ನಾನೇ ಆಗಿದ್ದೆ, ಅವರು ಹೋದ ಮೇಲೂ ನಾನೇ. ಬೀದಿ ಬಾಗಿಲಿನ ಬೀಗದಿಂದ ಹಿಡಿದು ಹಿತ್ತಲಿನ ನಲ್ಲಿಯವರೆಗೆ ಇಲ್ಲಿ ಏನು ಅಲುಗಾಡಬೇಕಾದರೂ ಒಂದು ಮಾತು ನನ್ನನ್ನು ಕೇಳಬೇಕು. ಇದನ್ನು ಮೊದಲಿಗೇ ಏಕೆ ಬರೆಯುತ್ತಿದ್ದೇನೆಂದರೆ, ನಿನ್ನ ಹಿಂದಿನ ಕಾಗದದಲ್ಲಿ "ಅಪ್ಪನ ಬೆಳಕು ಅಳೆಯುವ ಯಂತ್ರವನ್ನು ಮುಂದಿನ ತಿಂಗಳು ತರಿಸಿಕೊಳ್ಳುತ್ತೇವೆ" ಎಂದು ಬರೆದಿದ್ದೀಯ. "ತರಿಸಿಕೊಳ್ಳಬಹುದೇ ಅಮ್ಮ" ಎಂದು ಬರೆದಿಲ್ಲ. ನೀನು ವಿಭಾಗದ ಮುಖ್ಯಸ್ಥೆಯಾಗಿರುವುದು ನಿನ್ನ ಸಂಸ್ಥೆಯಲ್ಲಿ. ಇಲ್ಲಿ ನೀನು ನನ್ನ ಮಗಳು.

ಉತ್ತರ ತಡವಾಯಿತು. ಮೈಗೆ ಹುಷಾರಿರಲಿಲ್ಲವೆಂದೋ ಕನ್ನಡಕ ಒಡೆದಿತ್ತೆಂದೋ ಸುಳ್ಳು ಬರೆಯುವ ಅಭ್ಯಾಸ ನನಗಿಲ್ಲ. ಕೋಪ ಬಂದಿತ್ತು. ಕೋಪದಲ್ಲಿ ಕಾಗದ ಬರೆಯಬಾರದು ಎಂದು ನಿನಗೆ ಹೇಳಿಕೊಟ್ಟವಳು ನಾನೇ ಆದ್ದರಿಂದ ಅದು ಇಳಿಯಲಿ ಎಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಸರಿ, ಬರೆದೇಬಿಡೋಣ ಎಂದು ಕೂತಿದ್ದೇನೆ.

ಅಳಿಯಂದಿರ ಕೆಮ್ಮು ಹೇಗಿದೆ? ಔಷಧಿ ಅರ್ಧಕ್ಕೆ ಬಿಡುವ ಬುದ್ಧಿ ಅವರದು, ಸೀಸೆ ಖಾಲಿಯಾಗುವವರೆಗೆ ಕುಡಿಸು. ಚಳಿಗೆ ನಿನ್ನ ಬಲಗೈ ಹೆಬ್ಬೆರಳಿನ ಹಳೆಯ ಗಾಯ ಬಿರಿಯುತ್ತಿದೆ ಎಂದಿದ್ದೆ. ಮಲಗುವ ಮುಂಚೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೋ. ಆರು ವರ್ಷದವಳಿದ್ದಾಗ "ಅಪ್ಪಂಗೆ ಉಪ್ಪು ಬೇಕಂತೆ" ಎಂದು ಅಡುಗೆಮನೆಗೆ ಓಡಿಬಂದು, ಉಪ್ಪಿನ ಡಬ್ಬದ ಮುಚ್ಚಳಕ್ಕೆ ಬೆರಳು ಕೊಟ್ಟು ಕುಯ್ದುಕೊಂಡವಳು ನೀನು. ವಾಸಿಯಾದರೂ ಬೆರಳಿನ ನಡುವೆ ಓರೆಯಾಗಿ ಒಂದು ಗೆರೆ ಉಳಿದುಬಿಟ್ಟಿತು. "ಬೆಳಕಿನ ಗೆರೆ ಹಿಂದೆ ಬಿದ್ದವರ ಮಗಳು, ಕೈಮೇಲೂ ಒಂದು ಗೆರೆ ಎಳ್ಕೊಂಡಳು" ಎಂದು ನಾನು ಅಂದಿದ್ದೆ. ನಿನ್ನ ಅಪ್ಪ ನಕ್ಕಿದ್ದರು. ಅವರು ನನ್ನ ಮಾತಿಗೆ ನಗುತ್ತಿದ್ದುದು ಕಡಿಮೆ, ಅದಕ್ಕೇ ನೆನಪಿದೆ.

ಈಗ ವಿಷಯಕ್ಕೆ ಬರುತ್ತೇನೆ.

ನಿಮ್ಮ ನಿರ್ದೇಶಕರು ಹೋದ ವಾರ ಮನೆಗೆ ಬಂದಿದ್ದರು. ಮರ್ಯಾದಸ್ಥರು, ಕುರ್ಚಿ ತೋರಿಸುವವರೆಗೆ ಕೂರಲಿಲ್ಲ. ಹೊಸ ಕಟ್ಟಡದ ನಕ್ಷೆಯನ್ನು ನನ್ನ ಊಟದ ಮೇಜಿನ ಮೇಲೆ ಹರಡಿ, ಇಲ್ಲಿ ಬೆಳಕು ಅಳೆಯುವ ದೊಡ್ಡ ಕೊಠಡಿ, ಇಲ್ಲಿ ಬಾಗಿಲು, ಬಾಗಿಲಿನ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ನಿಮ್ಮ ಯಜಮಾನರ ಯಂತ್ರ ಎಂದು ಬೆರಳಿಟ್ಟು ತೋರಿಸಿದರು. ನನಗೂ ಒಂದು ಕ್ಷಣ ಎದೆ ತುಂಬಿ ಬಂತು ಎಂದೇ ಇಟ್ಟುಕೋ.

"ಬಾಗಿಲ ಮೇಲೆ ಏನಂತ ಬರೆಸ್ತೀರಿ?" ಎಂದು ಕೇಳಿದೆ.

"ಆಂಗ್‌ಸ್ಟ್ರಾಮ್ ಕೊಠಡಿ ಅಂತ, ಅಮ್ಮ. ನಿಮ್ಮ ಮಗಳೇ ಸೂಚಿಸಿದ್ದು."

"ಒಳಗಿರೋ ಯಂತ್ರ ಯಾರದು?"

"ನಿಮ್ಮ ಯಜಮಾನರದು."

"ಅದರಲ್ಲಿ ನೋಡಿ ನೋಡಿ ಕಣ್ಣು ಕೆಡಿಸ್ಕೊಂಡಿದ್ದು ಯಾರು?"

"ಅವರೇ ಅಮ್ಮ."

"ಬೋರ್ಡು ಮಾತ್ರ ಆ ಪುಣ್ಯಾತ್ಮಂದು."

ಅವರು ನಕ್ಷೆಯ ಮೂಲೆಯನ್ನು ಸುರುಳಿ ಮಾಡುತ್ತಾ, "ಅಳತೆಗೇ ಅವರ ಹೆಸರಿದೆಯಲ್ಲಮ್ಮ... ಒಂದು ಮಿಲಿಮೀಟರನ್ನ ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲಿಗೆ..." ಎಂದು ಶುರುಮಾಡಿದರು.

"ಗೊತ್ತು ಬಿಡಿ. ಆ ಪಾಲಿನ ಜೊತೆ ಸಂಸಾರ ಮಾಡಿದವಳು ನಾನು" ಎಂದೆ. "ಅವರ ಹೆಸರು ಬಾಗಿಲ ಮೇಲಿದ್ರೆ ಯಂತ್ರ ಬರುತ್ತೆ. ಇಲ್ಲದಿದ್ರೆ ಇಲ್ಲೇ ಇರುತ್ತೆ. ಕಾಫಿ ಆರ್ತಿದೆ, ಕುಡೀರಿ."

ಕುಡಿದು ಹೋದರು. ನಿನಗೆ ವರದಿ ಒಪ್ಪಿಸಿಯೇ ಇರುತ್ತಾರೆ.

ಮಗಳೇ, ನಿನಗೆ ಆ ಹೆಸರು ಪುಸ್ತಕದಲ್ಲಿ ಬಂದ ಹೆಸರು. ನನಗೆ ಅದು ಮದುವೆಯಾಗಿ ಬಂದ ಮನೆಯಲ್ಲಿ ಮೊದಲೇ ಕಾಲು ಚಾಚಿಕೊಂಡು ಕೂತಿದ್ದ ಹೆಸರು. ನಾನು ಇಲ್ಲಿಗೆ ಬಂದಾಗ ಹಿಂದಿನ ಕೋಣೆಯ ಕಿಟಕಿಗೆ ಹಲಗೆ ಹೊಡೆದು, ಬಿಸಿಲು ಬರಲಿಕ್ಕೆ ಕೂದಲೆಳೆಯಷ್ಟು ಸೀಳು ಮಾತ್ರ ಬಿಟ್ಟಿದ್ದರು. ಆ ಸೀಳಿನಿಂದ ಬಂದ ಬಿಸಿಲು ಯಂತ್ರದ ಗೆರೆಗಾಜಿನ ಮೇಲೆ ಬಿದ್ದು ಬಣ್ಣಬಣ್ಣವಾಗಿ ಬಿಚ್ಚಿಕೊಳ್ಳುತ್ತಿತ್ತು. ಗೆರೆಗಾಜು ಎಂದರೆ ಒಂದಂಗುಲ ಜಾಗದಲ್ಲಿ ಸಾವಿರಾರು ಗೆರೆ ಕೊರೆದ ಆ ಅಂಗೈಯಗಲದ ಗಾಜು. ನಮ್ಮ ಮನೆಯಲ್ಲಿ ಅದಕ್ಕಿಂತ ಹೆಚ್ಚಿನ ದೇವರಿರಲಿಲ್ಲ. ಬಣ್ಣಗಳ ನಡುವೆ ಕಪ್ಪು ಗೆರೆಗಳು, ಒಂದೊಂದು ಗೆರೆಗೂ ಒಂದೊಂದು ಸಂಖ್ಯೆ, ಪ್ರತಿ ಸಂಖ್ಯೆಯ ಕೊನೆಗೂ ಅವನ ಹೆಸರು. ಊಟಕ್ಕೆ ಕೂತರೆ "ಐದು ಸಾವಿರದ ಎಂಟುನೂರ ತೊಂಬತ್ತಾರು ಆಂಗ್‌ಸ್ಟ್ರಾಮ್" ಎಂದು ತಟ್ಟೆಯ ಜೊತೆ ಮಾತಾಡುತ್ತಿದ್ದರು. ನಾನು ಇನ್ನಷ್ಟು ಬಡಿಸಲೇ ಎಂದು ಕೇಳಿದರೆ "ತೊಂಬತ್ತು" ಎನ್ನುತ್ತಿದ್ದರು.

ನನ್ನ ಅಕ್ಕ ಒಮ್ಮೆ ಬಂದವಳು ಎರಡು ದಿನ ಇದನ್ನೆಲ್ಲ ನೋಡಿ, "ನಿನ್ನ ಗಂಡ ಒಬ್ಬಳು ಸವತೀನ ಕಟ್ಕೊಂಡಿದ್ದಿದ್ರೂ ವಾಸಿ ಇತ್ತು ಕಣೇ. ಜುಟ್ಟು ಹಿಡಿದು ಜಗಳ ಆಡಬಹುದಿತ್ತು" ಎಂದಳು.

"ಸವತೀನೇ" ಎಂದೆ. "ಗಡ್ಡ ಇದೆ ಅಷ್ಟೆ."

ಅಂದಿನಿಂದ ನನಗೂ ಅಕ್ಕನಿಗೂ ನಡುವೆ ಆಂಗ್‌ಸ್ಟ್ರಾಮಿಗೆ ಸವತಿ ಎಂದೇ ಹೆಸರು. "ಸವತಿ ಹೇಗಿದ್ದಾಳೆ?" ಎಂದು ಅವಳು ಕಾಗದದಲ್ಲಿ ಕೇಳುತ್ತಿದ್ದಳು. "ಹೊಟ್ಟೆ ತುಂಬಾ ತಿಂದುಕೊಂಡು ಚೆನ್ನಾಗಿದ್ದಾಳೆ" ಎಂದು ನಾನು ಬರೆಯುತ್ತಿದ್ದೆ. ನಗುತ್ತಾ ಬರೆಯುತ್ತಿದ್ದೆ ಎಂದು ತಿಳಿಯಬೇಡ.

ಕಬ್ಬಿಣ ಉರಿದಾಗ ಬರುವ ಬೆಳಕಿನಲ್ಲಿ ನಿನ್ನ ಅಪ್ಪ ಅಳೆದ ಗೆರೆಗಳ ಪಟ್ಟಿಯನ್ನು ಎಷ್ಟೋ ದೇಶಗಳ ಪ್ರಯೋಗಶಾಲೆಗಳಲ್ಲಿ ಬಳಸುತ್ತಾರೆ ಎಂದು ಅವರ ಶ್ರದ್ಧಾಂಜಲಿ ಸಭೆಯಲ್ಲಿ ನೀನೇ ಹೇಳಿದೆ. ಮನೆಗೆ ಬಂದು ಆ ಪಟ್ಟಿ ಅಚ್ಚಾದ ಪುಸ್ತಕ ತೆಗೆದು ನೋಡಿದೆ. ನಿನ್ನ ಅಪ್ಪನ ಹೆಸರು ಒಂದೇ ಒಂದು ಕಡೆ, ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಸವತಿಯ ಹೆಸರಿನ ಮೊದಲಕ್ಷರ, ಆ ತಲೆಮೇಲೆ ಸೊನ್ನೆ ಹೊತ್ತ ಅಕ್ಷರ, ಪ್ರತಿ ಪುಟದ ನೆತ್ತಿಯ ಮೇಲಿತ್ತು. ಬೆವರು ಒಬ್ಬರದು, ಹೆಸರು ಇನ್ನೊಬ್ಬರದು. ನನಗೆ ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ?

ನಾನು ಹೈಸ್ಕೂಲು ಮುಗಿಸಿದವಳು. ಓದಲಿಕ್ಕೆ ಬರುತ್ತದೆ. ನಿರ್ದೇಶಕರು ಹೋದ ಮರುದಿನವೇ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ವಿಶ್ವಕೋಶ ತೆಗೆಸಿ ಅವನ ಜಾತಕ ನೋಡಿದೆ. ಯಾವುದೋ ಚಳಿದೇಶದ ವಿಜ್ಞಾನಿಯಂತೆ, ಸೂರ್ಯನ ಬೆಳಕಿನ ದೊಡ್ಡ ನಕ್ಷೆ ಮಾಡಿದನಂತೆ, ಸೂರ್ಯನಲ್ಲಿ ಜಲಜನಕ ಇದೆ ಎಂದು ತೋರಿಸಿದನಂತೆ, ಸತ್ತು ಎಷ್ಟೋ ಕಾಲವಾದ ಮೇಲೆ ಅಳತೆಗೆ ಅವನ ಹೆಸರಿಟ್ಟರಂತೆ. ಮುಂದಿನ ಸಾಲು ಓದಿ ನಾನು ಅಲ್ಲೇ ಒಬ್ಬಳೇ ನಕ್ಕೆ. ಎದುರಿಗಿದ್ದವರು ಪತ್ರಿಕೆಯಿಂದ ತಲೆಯೆತ್ತಿ ನೋಡಿದರು. ಅವನು ಹೋಲಿಸಿಕೊಂಡಿದ್ದ ಮೀಟರು ಕೋಲಿನ ಅಳತೆಯೇ ಚೂರು ತಪ್ಪಾಗಿತ್ತಂತೆ! ಅದರಿಂದ ಅವನ ಸಂಖ್ಯೆಗಳೆಲ್ಲ ಚೂರು ಚೂರು ತಪ್ಪಂತೆ!

ಅದೇ ಸಂಜೆ ನಿನಗೆ ಫೋನು ಮಾಡಿದ್ದು ಆ ಖುಷಿಗೇ. "ನಿಮ್ಮ ಆಂಗ್‌ಸ್ಟ್ರಾಮನ ಕೋಲೇ ತಪ್ಪಂತಲ್ಲೇ" ಎಂದೆ. ನಿನಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತಮ್ಮ. ತಪ್ಪಾಗಿದೆ ಅಂತ ಅವರಿಗೂ ಗೊತ್ತಾಗಿತ್ತು. ತಿದ್ದೋಕೆ ಮುಂಚೆ ತೀರ್ಕೊಂಡ್ರು. ಆಮೇಲೆ ಅವರ ಜೊತೆಗಾರರು ಎಲ್ಲಾ ಸಂಖ್ಯೆನೂ ತಿದ್ದಿ ಅಚ್ಚು ಹಾಕಿಸಿದ್ರು. ಅದಕ್ಕೇ ಅಮ್ಮ ನಂಗೆ ಅವರು ಇಷ್ಟ."

"ತಪ್ಪು ಮಾಡಿದ್ದಕ್ಕೆ ಇಷ್ಟಾನಾ?"

"ತಪ್ಪು ತಿದ್ದೋ ಹಾಗಿತ್ತಲ್ಲ, ಅದಕ್ಕೆ. ಅಪ್ಪ ಇದ್ದಿದ್ರೆ ಬಾಗಿಲ ಮೇಲೆ ತನ್ನ ಹೆಸರು ನೋಡಿ ಒಳಗೇ ಬರ್ತಿರಲಿಲ್ಲ. ನಿಂಗೊತ್ತಿಲ್ಲ ಅಮ್ಮ, ಅಪ್ಪ ಆ ಕೋಣೇಲಿ ಹೇಗಿರ್ತಿದ್ರು ಅಂತ ನಂಗೊತ್ತು."

ಆ ಕೊನೆಯ ಮಾತಿಗೆ ನಾನು ಫೋನು ಇಟ್ಟೆ. ಲೈನು ಕಟ್ಟಾಯಿತು ಎಂದುಕೊಂಡು ನೀನು ಮತ್ತೆ ಮಾಡಿದೆ, ಕಟ್ಟಾಗಿರಲಿಲ್ಲ.

ಹೌದು, ನನಗೆ ಗೊತ್ತಿಲ್ಲ. ಏಕೆ ಗೊತ್ತಿಲ್ಲ ಎಂದು ನೀನು ಯಾವತ್ತಾದರೂ ಕೇಳಿದ್ದೀಯಾ? ಮೊದಮೊದಲು ನಾನೂ ಆ ಕೋಣೆಗೆ ಹೋಗುತ್ತಿದ್ದೆ. ದೀಪದ ಉರಿಗೆ ಉಪ್ಪು ಉದುರಿಸಿದರೆ ಹಳದಿ ಗೆರೆ ಬರುತ್ತದಲ್ಲ, ನಾನು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರೆ ಸಾಕು, ನನ್ನ ಕೈ ಸೆರಗಿಗೆ ಅಂಟಿದ ಉಪ್ಪಿಗೇ, ಉದುರಿಸದೆಯೇ ಅದು ಕಾಣಿಸಿಕೊಳ್ಳುತ್ತಿತ್ತಂತೆ. "ನೀನು ಬಂದೆ ಅಂತ ನೋಡದೇನೇ ಗೊತ್ತಾಗುತ್ತೆ" ಎನ್ನುತ್ತಿದ್ದರು. ಬೈಗುಳವೋ ಹೊಗಳಿಕೆಯೋ ನನಗೆ ತಿಳಿಯುತ್ತಿರಲಿಲ್ಲ, ಆದರೂ ಹೋಗಿ ನಿಲ್ಲುತ್ತಿದ್ದೆ. ಆಮೇಲೆ ನೀನು ಹುಟ್ಟಿದೆ, ನಿನ್ನನ್ನು ಹಳದಿ ಎಂದು ಕರೆದರು. ಉಪ್ಪು ಹೊತ್ತು ತಂದವಳು ನಾನು, ಹೆಸರು ಸಿಕ್ಕಿದ್ದು ನಿನಗೆ. ಅದೂ ಹೋಗಲಿ.

ನೀನು ಬೆರಳು ಕುಯ್ದುಕೊಂಡ ವರ್ಷವೇ ಅದು ನಡೆದದ್ದು. ಅವರು ಕಾಲೇಜಿಗೆ ಹೋಗಿದ್ದಾಗ ಕೋಣೆಯ ಧೂಳು ಹೊಡೆದು ಕಿಟಕಿಯ ಹಲಗೆ ಒರೆಸಿ ಬಂದೆ. ಮಾರನೆಯ ಬೆಳಿಗ್ಗೆ ಅವರು ಆಚೆ ಬಂದು, "ಗೆರೆಗಾಜನ್ನ ಮುಟ್ಟಿದ್ದು ಯಾರು?" ಎಂದರು. ಗಾಜಿನ ಒಂದು ಮೂಲೆ ಕೆಟ್ಟಿದೆ ಎಂದರು.

"ನಾನು ಕಿಟಕಿ ಒರೆಸಿದ್ದು ಅಷ್ಟೆ. ಯಂತ್ರದ ಹತ್ರಾನೂ ಹೋಗಿಲ್ಲ" ಎಂದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಅಲ್ಲಿಗೆ ಮುಗಿಯುತ್ತಿತ್ತು. "ಒರೆಸೋ ಕೈಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಲ್ಲ. ಇನ್ಮೇಲೆ ನೀನು ಈ ಕೋಣೆಗೆ ಬರಬೇಡ" ಎಂದು ಮೆಲ್ಲಗೆ ಹೇಳಿ, ಬಾಗಿಲು ಎಳೆದುಕೊಂಡರು. ನೀನು ನನ್ನ ಹಿಂದೆ ಹೆಬ್ಬೆರಳು ಚೀಪುತ್ತಾ ನಿಂತಿದ್ದೆ. ಸಂಜೆ ಅವರು ಗಾಜಿನ ಆ ಮೂಲೆಗೆ ಕಪ್ಪು ಕಾಗದ ಅಂಟಿಸಿ ಉಳಿದ ಜಾಗದಲ್ಲಿ ಕೆಲಸ ಮುಂದುವರಿಸಿದರು. ಬಾಗಿಲಿಗೆ ಬೀಗ ಬಂತು. ನಾನು ಬರಬೇಡ ಎಂದವರ ಮನೆಗೇ ಹೋಗದವಳು, ಬರಬೇಡ ಎಂದ ಕೋಣೆಗೆ ಹೋಗುತ್ತೇನೆಯೇ? ಊಟದ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು ಬಾಗಿಲು ಬಡಿದು ಬರುತ್ತಿದ್ದೆ. ಅವರು ಹೋಗುವವರೆಗೂ ಹಾಗೇ ನಡೆಯಿತು.

ನೀನು ಒಂಬತ್ತರವಳಾದಾಗ, "ಇವಳ ಕಣ್ಣು ಚುರುಕು, ಸಂಖ್ಯೆ ಓದೋಕೆ ಬರಲಿ" ಎಂದು ನಿನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ರಜಾ ದಿನದಲ್ಲಿ ಅಪ್ಪ ಮಗಳು ಬೆಳಗಿನಿಂದ ಒಳಗೆ. ಹೊರಗೆ ಸೊಪ್ಪು ಸೋಸುತ್ತಾ ಕೂತವಳಿಗೆ ಕೇಳುತ್ತಿದ್ದುದು ನಿನ್ನ ದನಿಯಲ್ಲಿ ಸಂಖ್ಯೆ, ಅವರ ದನಿಯಲ್ಲಿ "ಹ್ಞೂಂ", ಆಮೇಲೆ ಯಾವುದಕ್ಕೋ ಇಬ್ಬರ ನಗು. ಯಾವುದಕ್ಕೆ ನಗುತ್ತಿದ್ದಿರಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಸವತಿಯನ್ನೇ ಬೈದುಕೊಂಡು ಸೊಪ್ಪು ಸೋಸಿದೆ. ನಗಿಸುತ್ತಿದ್ದವನು ಅವನೇ ಇರಬೇಕು ಅಂದುಕೊಂಡೆ.

ಇರಲಿ. ಬುಧವಾರದವರೆಗೂ ನಾನು ಹಟ ಬಿಟ್ಟಿರಲಿಲ್ಲ. ನೀವು ಹೇಳದೆ ಕೇಳದೆ ಲಾರಿ ಕಳಿಸಿಬಿಟ್ಟೀರಿ ಎಂದು, ಯಂತ್ರ ಬಿಚ್ಚಿಸಿ ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಲು ತಿರುಪು ಮಾಮನನ್ನು ಕರೆಸಿದೆ. ನಿನ್ನ ಅಪ್ಪನ ಕಾಲೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು, ನಿನಗೆ ಹಳೆಯ ತಿರುಪುಗಳನ್ನು ಆಟಕ್ಕೆ ತಂದುಕೊಡುತ್ತಿದ್ದರಲ್ಲ, ಅವರೇ. ಈಗ ಕಿವಿ ಮಂದ, ಬಾಯಿ ಮೊದಲಿನ ಹಾಗೇ. ಬಂದವರೇ, "ಅಮ್ಮ, ಈ ಯಂತ್ರಕ್ಕೆ ನಿಮಗಿಂತ ಒಂದೆರಡು ವರ್ಷ ಹೆಚ್ಚು ವಯಸ್ಸು, ಆದ್ರೆ ಕೀಲು ಎಲ್ಲ ಸಲೀಸಾಗಿದೆ, ನಿಮ್ಮ ಹಾಗೆ ಕಿರುಗುಟ್ಟಲ್ಲ" ಎಂದರು. "ನೀವು ಕೆಲಸ ನೋಡಿ" ಎಂದೆ. ಗುರುವಾರ ಮಧ್ಯಾಹ್ನಕ್ಕೆ ಎಲ್ಲ ಬಿಚ್ಚಿ ಆಗಿತ್ತು.

ಟ್ರಂಕಿಗೆ ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ನಿನ್ನ ಸಂಸ್ಥೆಗೆ ಹೊರಟಿತು. ಈ ಕಾಗದಕ್ಕಿಂತ ಮೊದಲೇ ತಲುಪಿರಬಹುದು. ಬಾಗಿಲ ಮೇಲೆ ಯಾರ ಹೆಸರು ಬೇಕಾದರೂ ಬರೆಸಿಕೊಳ್ಳಿ, ನನ್ನ ತಕರಾರಿಲ್ಲ. ನಿರ್ದೇಶಕರಿಗೂ ಹಾಗೇ ಹೇಳು. ಬಂದವರಿಗೆ ನಾನು ಒರಟಾಗಿ ಮಾತಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಆದರೆ ಮುಂದಿನ ಸಲ ಬಂದರೆ ಊಟಕ್ಕೆ ನಿಲ್ಲಲಿ.

ನಿನ್ನ ಸಂಸಾರ ತಣ್ಣಗಿರಲಿ. ಅಳಿಯಂದಿರಿಗೆ ಆಯುಸ್ಸು ಆರೋಗ್ಯ ಇರಲಿ. ನಿನ್ನ ಕಣ್ಣು ನಿನ್ನ ಅಪ್ಪನ ಕಣ್ಣಿನ ಹಾಗೆ ಆಗದೆ ಕೊನೆಯವರೆಗೆ ಚುರುಕಾಗಿರಲಿ. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ

ಮತ್ತೆ ಬರೆದದ್ದು: ಕಾಗದ ಮಡಿಸಿ ಅಂಟು ಹಚ್ಚುವವಳಿದ್ದೆ. ಹಚ್ಚಲಾಗಲಿಲ್ಲ. ಗುರುವಾರ ಮಧ್ಯಾಹ್ನ ಏನಾಯಿತು ಎಂದು ನನ್ನಿಂದಲೇ ನಿನಗೆ ತಿಳಿಯಬೇಕು.

ತಿರುಪು ಮಾಮ ಗೆರೆಗಾಜನ್ನು ಅಂಚಿನಲ್ಲಿ ಹಿಡಿದು ಬಟ್ಟೆಯ ಮೇಲೆ ಇಡುವಾಗ ಆ ಕಪ್ಪು ಕಾಗದ ಒಣಗಿದ ಸಿಪ್ಪೆಯ ಹಾಗೆ ತಾನಾಗಿ ಕಳಚಿ ಬಿತ್ತು. ಅದರ ಕೆಳಗೆ ಒಂದು ಹೆಬ್ಬೆರಳಿನ ಗುರುತಿತ್ತು. ಮಗುವಿನ ಹೆಬ್ಬೆರಳು. ನಡುವೆ ಓರೆಯಾಗಿ ಒಂದು ಗೆರೆ. ಆ ಗಾಯಕ್ಕೆ ಬಟ್ಟೆ ಕಟ್ಟಿದವಳು ನಾನು. ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ.

"ಒರೆಸಿ" ಎಂದೆ.

"ಇದನ್ನ ಒರೆಸೋಕೆ ಬರಲ್ಲಮ್ಮ. ಒರೆಸಿದ್ರೆ ಗೆರೆಗಳೇ ಹೋಗ್ತವೆ. ಒಂದು ಸಲ ಬೆರಳು ಬಿದ್ರೆ ಬಿದ್ದ ಹಾಗೇ. ಸಾಹೇಬರಿಗೆ ಗೊತ್ತಿತ್ತಲ್ಲ, ಅದಕ್ಕೇ ಮುಚ್ಚಿ ಕೆಲಸ ಮಾಡ್ತಿದ್ರು. ಹೊಸ ಗಾಜು ತರಿಸೋಣ ಅಂತ ನಾನು ಎಷ್ಟು ಸಲ ಹೇಳಿದೆ! ಬೇಡ, ಇದೇ ಇರಲಿ ಅಂದ್ರು."

ಕಾಗದವನ್ನು ಎತ್ತಿ ನೋಡಿದೆ. ಬೆರಳಿನ ಗುರುತಿನಷ್ಟೇ ಕತ್ತರಿಸಿದ್ದರು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಉಪ್ಪಿನ ಎರಡು ಹಳದಿ ಗೆರೆಗಳ ನಡುವೆ ಇರುವುದು ಆರು ಆಂಗ್‌ಸ್ಟ್ರಾಮ್ ಎಂದು ಊಟದ ತಟ್ಟೆಯ ಮುಂದೆ ಹೇಳುತ್ತಿದ್ದವರಿಗೆ, ಮಗುವಿನ ಹೆಬ್ಬೆರಳಿಗೂ ಹೆಂಡತಿಯ ಹೆಬ್ಬೆರಳಿಗೂ ಇರುವ ಅಂತರ ಕಾಣಲಿಲ್ಲವೇ? ಕಂಡಿತ್ತು. ಬೆಳಿಗ್ಗೆ ನನ್ನನ್ನು ಕೋಣೆಯಿಂದ ಆಚೆ ಹಾಕಿದರು, ಸಂಜೆ ಕಾಗದ ಕತ್ತರಿಸುವಾಗ ಅದು ಯಾರ ಬೆರಳೆಂದು ಕಂಡರು. ನಿನಗೆ ಏಟು ಬೀಳಬಾರದೆಂದು ಮುಚ್ಚಿದರು. ನನಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿನ್ನ ಬೆರಳಿನ ಗುರುತನ್ನು ಎದುರಿಗಿಟ್ಟುಕೊಂಡು ಅದರ ಪಕ್ಕದಲ್ಲೇ ಅಷ್ಟು ವರ್ಷ ಸೂರ್ಯನನ್ನು ಅಳೆದರು, ನಾನು ಬಾಗಿಲಾಚೆ ತಟ್ಟೆ ಇಟ್ಟು ಬರುತ್ತಿದ್ದೆ.

ಆರು ವರ್ಷದ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೊಟ್ಟೆಕಿಚ್ಚು ಇಲ್ಲವೆಂದರೆ ಅದು ಸುಳ್ಳು. ಇಷ್ಟು ವರ್ಷ ಅದನ್ನು ಯಾವುದೋ ಚಳಿದೇಶದ ಗಡ್ಡದವನ ವಿಳಾಸಕ್ಕೆ ಕಳಿಸುತ್ತಿದ್ದೆ. ಪಾಪ, ಅವನಿಗೂ ನನಗೂ ಏನು ಜಗಳ? ಅವನ ತಪ್ಪು ತಿದ್ದಲು ಜೊತೆಗಾರನೊಬ್ಬ ಉಳಿದಿದ್ದ. ನಿನ್ನ ಅಪ್ಪನ ತಪ್ಪು ತಿದ್ದಲು ಉಳಿದವಳು ನಾನೊಬ್ಬಳೇ.

ಕೈ ತೊಳೆದುಕೊಂಡು ಬಂದೆ. ಒರೆಸಿಕೊಂಡೆ. ಗಾಜಿನ ಇನ್ನೊಂದು ಮೂಲೆಯಲ್ಲಿ, ನಿನ್ನದರ ಎದುರಿಗೆ, ನನ್ನ ಬಲಗೈ ಹೆಬ್ಬೆರಳನ್ನು ಇಟ್ಟು ಒತ್ತಿದೆ.

"ಅಯ್ಯೋ ಅಮ್ಮಾ, ಏನ್ ಮಾಡಿಬಿಟ್ರಿ!" ಎಂದು ತಿರುಪು ಮಾಮ ತಲೆಯ ಮೇಲೆ ಕೈ ಹೊತ್ತರು.

"ಯಾರು ಮುಟ್ಟಿದ್ದು ಅಂತ ಯಾರಾದ್ರೂ ಕೇಳಿದ್ರೆ, ಈ ಸಲ ನಾನೇ ಅಂತ ಹೇಳಿ" ಎಂದೆ. "ಪೆಟ್ಟಿಗೆ ಕಟ್ಟಿ."

ಕಪ್ಪು ಕಾಗದವನ್ನು ಒಲೆಗೆ ಹಾಕಿದೆ. ಎರಡು ಗುರುತುಗಳ ಮೇಲೂ ಏನೂ ಮುಚ್ಚದೆ ಕಳಿಸಿದ್ದೇನೆ.